ಕಡ್ಡಿ ಪೈಲ್ವಾನರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಊರೆಲ್ಲ ತೂಕ ಇಳಿಸೋದು ಹೇಗೆ ಅಂತ ತಲೆ ಕೆಡಿಸಿಕೊಂಡಿರುವಾಗ, ಏರಿಸೋದು ಹೇಗೆ ಅಂತ ಕೇಳುವವರೂ ಇಷ್ಟು ಜನ ಇದ್ದೀರಿ. ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಸಣಕಲು ಮೈಯವರಿಗೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಬರೆದಿದ್ದೀರಿ. ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನನಗೆ 21 ವರ್ಷ. ಎತ್ತರ ಐದು ಅಡಿ ಒಂಬತ್ತು ಇಂಚು, ತೂಕ 52 ಕೆಜಿ. ಇಂಜಿನಿಯರಿಂಗ್ ಓದ್ತಿದ್ದೀನಿ, ಹಾಸ್ಟೆಲ್ ಊಟ. ಫ್ರೆಂಡ್ಸೆಲ್ಲ ಕಡ್ಡಿ ಪೈಲ್ವಾನ್ ಅಂತ ಕರೀತಾರೆ. ಎರಡು ತಿಂಗಳಿಂದ ಜಿಮ್‌ಗೆ ಹೋಗ್ತಿದ್ದೀನಿ. ಸೋಮವಾರ ಚೆಸ್ಟ್, ಮಂಗಳವಾರ ಬ್ಯಾಕ್, ಬುಧವಾರ ಶೋಲ್ಡರ್, ಹೀಗೆ ವಾರಕ್ಕೆ ಆರು ದಿನ, ದಿನಾ ಒಂದೂವರೆ ಗಂಟೆ. ಒಂದು ಕೆಜಿಯೂ ಏರಿಲ್ಲ. ಚೆನ್ನಾಗೇ ತಿಂತೀನಿ, ಆದರೆ ತಿಂದದ್ದು ಮೈಗೆ ಹತ್ತಲ್ಲ. ನನ್ನ ಬಾಡಿನೇ ಹಿಂಗಾ?
(ದಾವಣಗೆರೆ)

ಉತ್ತರ: ಮೊದಲು ಒಂದು ವಿಷಯ ಹೇಳಿ. ಚಿಕ್ಕಂದಿನಿಂದ ಹೀಗೇ ಇದ್ದೀರಾ, ಇಲ್ಲ ಮುಂಚೆ 58 ಇದ್ದು ಈಗ 52ಕ್ಕೆ ಇಳಿದಿದ್ದೀರಾ? ಕಾರಣ ಇಲ್ಲದೆ ತೂಕ ಇಳಿದಿದ್ದರೆ, ಜೊತೆಗೆ ಸಂಜೆ ಹೊತ್ತು ಜ್ವರ, ಬಿಡದ ಕೆಮ್ಮು, ವಿಪರೀತ ಬಾಯಾರಿಕೆ, ಸುಮ್ನೆ ಕೂತಿದ್ದರೂ ಎದೆ ಡವಡವ ಅನ್ನೋದು, ಇಂಥದ್ದೇನಾದರೂ ಇದ್ದರೆ ಜಿಮ್ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್, ಶುಗರ್, ಕ್ಷಯ ಎಲ್ಲವೂ ತೂಕ ಇಳಿಸುತ್ತವೆ. ಇದ್ಯಾವುದೂ ಇಲ್ಲದಿದ್ದರೂ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಯಾಕೆಂದರೆ ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಸರಿಯಾಗಿದೆಯಾ ಅಂತ ನೋಡುವ ಲೆಕ್ಕ, 17ರ ಹತ್ತಿರ ಬರುತ್ತದೆ. 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ ಅಂತ ಲೆಕ್ಕ. ನಿಮ್ಮ ಎತ್ತರಕ್ಕೆ 57 ಕೆಜಿಯಾದರೂ ಇರಬೇಕು.

ಈಗ ಮೈಗೆ ಹತ್ತಲ್ಲ ಅನ್ನೋ ಮಾತಿಗೆ ಬರೋಣ. ಬೇಜಾರಾಗಬೇಡಿ, ನಾನು ಇದನ್ನು ಪೂರ್ತಿ ನಂಬುವುದಿಲ್ಲ. ಸುಳ್ಳು ಹೇಳ್ತಿದ್ದೀರಿ ಅಂತಲ್ಲ. ಭಾನುವಾರ ಮಧ್ಯಾಹ್ನ ಎರಡು ಪ್ಲೇಟ್ ಬಿರಿಯಾನಿ ತಿಂದದ್ದು ನೆನಪಿರುತ್ತದೆ, ಅದರ ಭಾರಕ್ಕೆ ಅವತ್ತು ರಾತ್ರಿ ಊಟ ಬಿಟ್ಟದ್ದು, ಸೋಮವಾರ ಬೆಳಿಗ್ಗೆ ಕ್ಲಾಸಿಗೆ ಲೇಟಾಗಿ ಬರೀ ಕಾಫಿ ಕುಡಿದು ಓಡಿದ್ದು ನೆನಪಿರುವುದಿಲ್ಲ. ಇನ್ನು ಕೆಲವರ ಮೈ ಹೇಗಿರುತ್ತದೆ ಅಂದರೆ, ಜಾಸ್ತಿ ತಿಂದ ದಿನ ತಮಗೇ ಗೊತ್ತಿಲ್ಲದೆ ಜಾಸ್ತಿ ಓಡಾಡುತ್ತಾರೆ, ಕೂತಲ್ಲೇ ಕಾಲು ಅಲ್ಲಾಡಿಸುತ್ತಾರೆ, ತಿಂದದ್ದು ಅಲ್ಲೇ ಖರ್ಚಾಗುತ್ತದೆ. ಅಂಥವರಿಗೆ ಬೇರೆಯವರಿಗಿಂತ ಜಾಸ್ತಿ ಊಟ ಬೇಕು, ಅಷ್ಟೇ. ಎಷ್ಟು ತಿಂದರೂ ತೂಕ ಏರದ ಮೈ ಅಂತ ಒಂದಿಲ್ಲ.

ಒಂದು ಕೆಲಸ ಮಾಡಿ. ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಹಾಸ್ಟೆಲ್ ಹುಡುಗರ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಬೆಳಿಗ್ಗೆ ಮೂರು ಇಡ್ಲಿ, ನೀರು ನೀರಾದ ಚಟ್ನಿ. ಮಧ್ಯಾಹ್ನ ಒಂದು ಚಪಾತಿ, ಪಲ್ಯ, ಅನ್ನ, ಬೇಳೆ ಹುಡುಕಬೇಕಾದ ಸಾರು. ಸಂಜೆ ಟೀ, ಮಂಡಕ್ಕಿ ಮೆಣಸಿನಕಾಯಿ. ನಿಮ್ಮೂರಲ್ಲಿ ಅದಿಲ್ಲದೆ ಸಂಜೆ ಆಗಲ್ಲ ಅಲ್ವಾ, ಅದನ್ನು ಬಿಡಿ ಅಂತ ಹೇಳಲ್ಲ. ರಾತ್ರಿ ಮತ್ತೆ ಅನ್ನ, ಸಾಂಬಾರ್, ಮಜ್ಜಿಗೆ. ಹೊಟ್ಟೆ ತುಂಬಿರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಇಷ್ಟರಲ್ಲಿ ಪ್ರೊಟೀನ್ ಲೆಕ್ಕ ಹಾಕಿದರೆ 35-40 ಗ್ರಾಂ ದಾಟುವುದೇ ಕಷ್ಟ. ವೇಟ್ ಎತ್ತಿ ಮಾಂಸಖಂಡ ಬೆಳೆಸಬೇಕು ಅನ್ನುವವರಿಗೆ ದೇಹದ ತೂಕದ ಪ್ರತಿ ಕೆಜಿಗೆ ಸುಮಾರು 1.6 ಗ್ರಾಂ ಬೇಕು. ನಿಮಗೆ 83 ಗ್ರಾಂ. ಅಂದರೆ ಅರ್ಧ ದಾರಿಯಲ್ಲೇ ನಿಂತಿದ್ದೀರಿ.

ಉಳಿದರ್ಧಕ್ಕೆ ಡಬ್ಬಿ ಪೌಡರ್ ಬೇಕಿಲ್ಲ. ಅರ್ಧ ಲೀಟರ್ ನಂದಿನಿ ಹಾಲಿನಲ್ಲಿ 15 ಗ್ರಾಂ ಪ್ರೊಟೀನ್ ಇದೆ. 50 ಗ್ರಾಂ ಶೇಂಗಾದಲ್ಲಿ, ಅಂದರೆ ಎರಡು ಹಿಡಿ, 12 ಗ್ರಾಂ. ಮೂರು ಮೊಟ್ಟೆಯಲ್ಲಿ 18 ಗ್ರಾಂ, ಹಳದಿ ಎಸೆಯಬೇಡಿ. ಲೆಕ್ಕ ಅಲ್ಲಿಗೆ ಸರಿಹೋಯಿತು. ಮೊಟ್ಟೆ ತಿನ್ನದವರು ಒಣ ಸೋಯಾ ಚಂಕ್ಸ್ 40 ಗ್ರಾಂ ನೆನೆಸಿ, ಹಿಂಡಿ, ಸ್ವಲ್ಪ ಒಗ್ಗರಣೆ ಕೊಟ್ಟು ತಿನ್ನಿ. ಅದರಲ್ಲಿ 100 ಗ್ರಾಂಗೆ 50 ಗ್ರಾಂಗಿಂತ ಜಾಸ್ತಿ ಪ್ರೊಟೀನ್ ಇದೆ, ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಪ್ರೊಟೀನ್ ಕೊಡುವ ಪದಾರ್ಥ ಅಂಗಡಿಯಲ್ಲಿ ಸಿಗುವುದು ಕಷ್ಟ. ಹಾಸ್ಟೆಲ್ ರೂಮಲ್ಲಿ ಒಲೆ ಇಲ್ಲ ಅಂತೀರಾ? ಒಂದು ಎಲೆಕ್ಟ್ರಿಕ್ ಕೆಟಲ್‌ನ ಬಿಸಿನೀರು ಸಾಕು. ಒಗ್ಗರಣೆ ಬದಲು ಮೆಸ್ಸಿನ ಸಾಂಬಾರಿಗೇ ಹಾಕಿಕೊಳ್ಳಿ. ವಾರ್ಡನ್ ಕೆಟಲ್ ಇಟ್ಟುಕೊಳ್ಳೋಕೆ ಬಿಡದಿದ್ದರೆ ಹಾಲು, ಶೇಂಗಾ, ಮೊಸರಲ್ಲೇ ಹೊಂದಿಸಿಕೊಳ್ಳಿ.

ಹೊಟ್ಟೆಯಲ್ಲಿ ಜಾಗ ಇಲ್ಲ ಅನ್ನುವವರಿಗೆ ಎರಡು ಉಪಾಯ. ಹಾಲು, ನೀರು ಯಾವುದನ್ನೂ ಊಟಕ್ಕೆ ಮುಂಚೆ ಹೊಟ್ಟೆ ತುಂಬ ಕುಡಿಯಬೇಡಿ, ಊಟ ಆದಮೇಲೆ ಕುಡಿಯಿರಿ. ಇನ್ನೊಂದು, ಅನ್ನಕ್ಕೆ ಒಂದು ದೊಡ್ಡ ಚಮಚ ತುಪ್ಪವನ್ನೋ ಚಟ್ನಿಪುಡಿ ಜೊತೆ ಎಣ್ಣೆಯನ್ನೋ ಹಾಕಿಕೊಳ್ಳಿ. ಅದೊಂದರಿಂದಲೇ 120 ಕ್ಯಾಲೊರಿ ಬರುತ್ತದೆ, ಜಾಗ ಮಾತ್ರ ತಿನ್ನುವುದಿಲ್ಲ. ದಿನಕ್ಕೆ ಈಗಿನದಕ್ಕಿಂತ 300ರಿಂದ 500 ಕ್ಯಾಲೊರಿ ಜಾಸ್ತಿ ಹೋದರೆ ಸಾಕು. ವಾರಕ್ಕೆರಡು ಸಲ ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದು, ಏನೂ ತಿನ್ನುವ ಮೊದಲು ತೂಕ ನೋಡಿ. ತಿಂಗಳಿಗೆ ಒಂದು ಕೆಜಿ ಆಸುಪಾಸು ಏರುತ್ತಿದ್ದರೆ ಸರಿ ದಾರಿ. ಎರಡು ವಾರವಾದರೂ ಮುಳ್ಳು ಅಲ್ಲಾಡಿಲ್ಲ ಅಂದರೆ ಇನ್ನೊಂದು ಲೋಟ ಹಾಲು, ಎರಡು ಬಾಳೆಹಣ್ಣು ಸೇರಿಸಿ, ಮತ್ತೆರಡು ವಾರ ನೋಡಿ. ತಿಂಗಳಿಗೆ ಮೂರು ನಾಲ್ಕು ಕೆಜಿ ಏರಿತು ಅಂತ ಕುಣಿಯಬೇಡಿ, ಅದರಲ್ಲಿ ಜಾಸ್ತಿ ಭಾಗ ಹೊಟ್ಟೆಗೆ ಹೋಗಿರುತ್ತದೆ.

ಇನ್ನು ನಿಮ್ಮ ಆರು ದಿನದ ಶೆಡ್ಯೂಲ್. ಇದು ಏಳೆಂಟು ವರ್ಷ ವೇಟ್ ಎತ್ತಿದವರ ಶೆಡ್ಯೂಲ್. ನಿಮ್ಮ ಲೆಕ್ಕದಲ್ಲಿ ಎದೆಗೆ ಕೆಲಸ ಸಿಗುವುದು ವಾರಕ್ಕೆ ಒಂದೇ ದಿನ. ಸೋಮವಾರ ಏನು ಕಲಿತಿರೋ ಮುಂದಿನ ಸೋಮವಾರದ ಹೊತ್ತಿಗೆ ಅರ್ಧ ಮರೆತಿರುತ್ತೀರಿ. ಹೊಸಬರು ವಾರಕ್ಕೆ ಮೂರು ದಿನ ಪೂರ್ತಿ ಮೈಗೆ ಕೆಲಸ ಕೊಡುವುದು ಒಳ್ಳೆಯದು. ಸೋಮವಾರ, ಬುಧವಾರ, ಶುಕ್ರವಾರ. ಸ್ಕ್ವಾಟ್ (ಹೆಗಲ ಮೇಲೆ ರಾಡ್ ಇಟ್ಟು ಬಸ್ಕಿ), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ರಾಡ್ ಮೇಲೆತ್ತೋದು), ಬೆನ್ನಿಗೆ ರೋಯಿಂಗ್ (ಭಾರವನ್ನು ಹೊಟ್ಟೆಯ ಕಡೆಗೆ ಎಳೆಯೋದು) ಅಥವಾ ಲ್ಯಾಟ್ ಪುಲ್‌ಡೌನ್ (ಮೇಲಿನ ಕಂಬಿಯನ್ನು ಎದೆಯವರೆಗೆ ಎಳೆಯೋದು), ತಲೆ ಮೇಲೆ ಎತ್ತುವ ಶೋಲ್ಡರ್ ಪ್ರೆಸ್, ತೊಡೆಯ ಹಿಂಭಾಗಕ್ಕೆ ರೊಮೇನಿಯನ್ ಡೆಡ್‌ಲಿಫ್ಟ್ (ಬೆನ್ನು ನೆಟ್ಟಗಿಟ್ಟು, ಸೊಂಟದಿಂದ ಬಾಗಿ ರಾಡ್ ಎತ್ತೋದು). ಐದೇ ಐದು. ಒಂದೊಂದು ಮೂರು ಸೆಟ್, ಸೆಟ್ಟಿಗೆ 8ರಿಂದ 12 ಸಲ, ನಡುವೆ ಎರಡು ನಿಮಿಷ ರೆಸ್ಟ್. ಫೋನ್ ಕೈಗೆತ್ತಿಕೊಂಡರೆ ಎರಡು ನಿಮಿಷ ಹತ್ತಾಗುತ್ತದೆ, ಬ್ಯಾಗಲ್ಲಿಡಿ. ಬೈಸೆಪ್ಸ್ ಮಾಡದೆ ಮನಸ್ಸು ಕೇಳಲ್ಲ ಅಂತ ಗೊತ್ತು, ಕೊನೆಗೆ ಎರಡು ಸೆಟ್ ಮಾಡಿಕೊಳ್ಳಿ, ಯಾರೂ ಬೇಡ ಅನ್ನಲ್ಲ. ಮೊದಲ ಎರಡು ಮೂರು ವಾರ ಖಾಲಿ ರಾಡ್‌ನಲ್ಲೇ ಕಲಿಯಿರಿ. ಟ್ರೈನರ್ ಪಕ್ಕದಲ್ಲಿ ನಿಂತು ನೋಡಲಿ, ಫೀಸ್ ಕೊಡೋದು ಅದಕ್ಕೇ.

ಆಮೇಲೆ ಬರೋದು ಮುಖ್ಯವಾದದ್ದು, ಇಡೀ ಪತ್ರದಲ್ಲಿ ನೀವು ಒಂದು ಮಾತನ್ನೂ ಬರೆಯದೇ ಇರೋದು. ಎಷ್ಟು ಕೆಜಿ ಎತ್ತುತ್ತಿದ್ದೀರಿ? ಎರಡು ತಿಂಗಳ ಹಿಂದೆ ಎಷ್ಟು ಎತ್ತುತ್ತಿದ್ದಿರಿ? ನಿಮಗೆ ಗೊತ್ತಿಲ್ಲ ಅಂತ ನನ್ನ ಊಹೆ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ತಗೊಳ್ಳಿ. "ಬೆಂಚ್, 25 ಕೆಜಿ: 10, 8, 7" ಅಂತ ಬರೆಯಿರಿ. ಬುಧವಾರ ಅದೇ 25ರಲ್ಲಿ 10, 9, 8 ಬಂತು. ಶುಕ್ರವಾರ 10, 10, 8. ಮೂರೂ ಸೆಟ್‌ನಲ್ಲಿ 10 ಬಂದ ದಿನ, ಮುಂದಿನ ಸಲಕ್ಕೆ ಎರಡೂ ಕಡೆ 1.25 ಕೆಜಿಯ ಪುಟ್ಟ ಪ್ಲೇಟ್ ಸೇರಿಸಿ 27.5 ಮಾಡಿ. ಆಗ ಮತ್ತೆ 8, 7, 7ಕ್ಕೆ ಇಳಿಯುತ್ತದೆ, ಇಳಿಯಲಿ, ಅಲ್ಲಿಂದ ಮತ್ತೆ ಹತ್ತಿ. ಮಾಂಸಖಂಡ ಬೆಳೆಯೋದು ಹೀಗೇ. ನಿನ್ನೆಗಿಂತ ಸ್ವಲ್ಪ ಜಾಸ್ತಿ ಕೆಲಸ ಕೇಳಿದರೆ ಮಾತ್ರ ದೇಹ ಹೊಸದಾಗಿ ಕಟ್ಟುತ್ತದೆ. ಅದೇ 5 ಕೆಜಿ ಡಂಬಲ್ ಆರು ತಿಂಗಳು ಎತ್ತಿದರೆ ಮೈ ಯಾಕೆ ಬದಲಾಗಬೇಕು, ಅದಕ್ಕೇನು ಅವಸರ?

ಎಷ್ಟು ಕಷ್ಟಪಡಬೇಕು ಅಂದರೆ, ಸೆಟ್ ಮುಗಿಸಿದಾಗ ಇನ್ನೊಂದೋ ಎರಡೋ ಆಗುತ್ತಿತ್ತು, ಮೂರನೆಯದು ಖಂಡಿತ ಆಗುತ್ತಿರಲಿಲ್ಲ ಅನ್ನಿಸಬೇಕು. ಕೊನೆಯ ಸಲ ಎತ್ತುವಾಗ ತಾನಾಗಿಯೇ ನಿಧಾನ ಆಗುತ್ತದೆ, ಅದೇ ಗುರುತು. ನಗುನಗುತ್ತಾ ಪಕ್ಕದವರ ಜೊತೆ ಮಾತಾಡುತ್ತಾ 12 ಮುಗಿಸಿದರೆ ಅದು ಲೆಕ್ಕಕ್ಕಿಲ್ಲ.

ಒಂದು ಸಣ್ಣ ತೊಂದರೆ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸಣ್ಣ ಊರುಗಳ ಎಷ್ಟೋ ಜಿಮ್‌ಗಳಲ್ಲಿ 2.5 ಕೆಜಿಗಿಂತ ಸಣ್ಣ ಪ್ಲೇಟ್ ಇರುವುದಿಲ್ಲ. ಎರಡೂ ಕಡೆ ಹಾಕಿದರೆ ಒಮ್ಮೆಲೇ 5 ಕೆಜಿ ಜಾಸ್ತಿ. 25 ಎತ್ತುವವನಿಗೆ ಅದು ದೊಡ್ಡ ಜಿಗಿತ. ಓನರ್‌ಗೆ ಹೇಳಿ ತರಿಸಿ, ಇಲ್ಲ ನೀವೇ ಒಂದು ಜೊತೆ ತಗೊಂಡು ಬ್ಯಾಗಲ್ಲಿಟ್ಟುಕೊಳ್ಳಿ. ರಾಡ್‌ನ ತೂಕವೂ ಅಷ್ಟೇ. ಒಲಿಂಪಿಕ್ ರಾಡ್ 20 ಕೆಜಿ, ಆದರೆ ಲೋಕಲ್ ಜಿಮ್‌ನ ರಾಡ್ ಏಳೂ ಇರಬಹುದು, ಹತ್ತೂ ಇರಬಹುದು. ತೂಕದ ಮಷಿನ್ ಮೇಲೆ ರಾಡ್ ಹಿಡಿದು ನಿಂತು, ನಿಮ್ಮ ತೂಕ ಕಳೆದು ನೋಡಿಕೊಳ್ಳಿ.

ಮೈ ಸಣ್ಣ ಇದ್ದರೆ ಶಕ್ತಿ ಬರುವುದಿಲ್ಲ ಅಂದುಕೊಂಡಿದ್ದರೆ ಕುಂದಾಪುರದ ವೇಟ್‌ಲಿಫ್ಟರ್ ಗುರುರಾಜ ಪೂಜಾರಿಯವರನ್ನು ನೋಡಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಭಾರತಕ್ಕೆ ಮೊದಲ ಪದಕ ತಂದವರು ಅವರು. 56 ಕೆಜಿ ವಿಭಾಗದಲ್ಲಿ ಬೆಳ್ಳಿ. ಒಂದೇ ಏಟಿಗೆ ತಲೆ ಮೇಲೆತ್ತುವ ಸ್ನ್ಯಾಚ್‌ನಲ್ಲಿ 111, ಮೊದಲು ಭುಜಕ್ಕೆ ತಂದು ಆಮೇಲೆ ಮೇಲೆತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 138 ಕೆಜಿ ಎತ್ತಿದ್ದರು. ನಿಮಗಿಂತ ನಾಲ್ಕು ಕೆಜಿ ಜಾಸ್ತಿಯ ವಿಭಾಗ ಅಷ್ಟೇ. ನಾಲ್ಕು ವರ್ಷ ಬಿಟ್ಟು ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ವಿಭಾಗದಲ್ಲಿ ಕಂಚು ಗೆದ್ದರು. ನೀವು ಅಷ್ಟು ಎತ್ತಬೇಕು ಅಂತಲ್ಲ ಮಾರಾಯ್ರೇ, ಕಡ್ಡಿ ಪೈಲ್ವಾನ್ ಅಂದವರಿಗೆ ಹೇಳೋಕೆ ಒಂದು ಉತ್ತರ ಇರಲಿ ಅಂತ.

ಪ್ರಶ್ನೆ: ಜಿಮ್ ಮಾಡಿದ್ದು ಎಷ್ಟು ದಿನಕ್ಕೆ ಮೈಯಲ್ಲಿ ಕಾಣಿಸುತ್ತೆ? ಅಕ್ಕನ ಮದುವೆ ಎರಡು ತಿಂಗಳಿದೆ.
(ಹಾಸನ)

ಉತ್ತರ: ಎರಡು ತಿಂಗಳಿಗೆ ಶರ್ಟ್ ಹೊಲಿಸಿಕೊಳ್ಳಿ, ಮೈ ಆಮೇಲೆ ಬರುತ್ತದೆ. ಮೊದಲ ಆರೆಂಟು ವಾರ ಎತ್ತುವ ಭಾರ ಸರಸರನೆ ಏರುತ್ತದೆ, ಆದರೆ ಅದರಲ್ಲಿ ಬಹುಪಾಲು ನರಗಳ ಕಲಿಕೆ. ಇರುವ ಮಾಂಸಖಂಡವನ್ನೇ ಮಿದುಳು ಸರಿಯಾಗಿ ಬಳಸೋಕೆ ಕಲಿಯುತ್ತದೆ. ಕನ್ನಡಿಯಲ್ಲಿ ನಿಮಗೆ ಕಾಣಿಸೋಕೆ ಮೂರು ನಾಲ್ಕು ತಿಂಗಳು ಬೇಕು, ದಿನಾ ನೋಡದ ನೆಂಟರು "ಏನೋ, ಚೇಂಜ್ ಆಗಿದ್ದೀಯ" ಅನ್ನೋಕೆ ಆರು ತಿಂಗಳಾದರೂ ಆಗುತ್ತದೆ. ಅಕ್ಕನ ಸೀಮಂತಕ್ಕೆ ಗುರಿ ಇಟ್ಟುಕೊಳ್ಳಿ.

ಪ್ರಶ್ನೆ: ನನಗೆ 26, ತೂಕ 43 ಕೆಜಿ. ಬೆಂಗಳೂರಲ್ಲಿ ಕೆಲಸ. ಆಫೀಸಿನಲ್ಲೇ ಜಿಮ್ ಇದೆ, ವೇಟ್ಸ್ ಮಾಡೋಣ ಅಂತ ಆಸೆ. ಅಮ್ಮ "ಡಂಬಲ್ ಎತ್ತಿದರೆ ಗಂಡಸರ ಥರ ಆಗ್ತೀಯ, ಸುಮ್ನೆ ವಾಕಿಂಗ್ ಮಾಡು" ಅಂತಾರೆ. ಜಿಮ್‌ನಲ್ಲೂ ಹುಡುಗಿಯರೆಲ್ಲ ಟ್ರೆಡ್‌ಮಿಲ್ ಮೇಲೇ ಇರ್ತಾರೆ.
(ಶಿವಮೊಗ್ಗದವಳು, ಈಗ ಬೆಂಗಳೂರು)

ಉತ್ತರ: ಗಂಡಸರ ಥರ ಆಗೋಕೆ ಬೇಕಾದ ಟೆಸ್ಟೋಸ್ಟಿರಾನ್ ಹೆಂಗಸರಲ್ಲಿ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ಗಂಡಸರೇ ವರ್ಷಗಟ್ಟಲೆ ಒದ್ದಾಡಿ ಎರಡಿಂಚು ತೋಳು ಬೆಳೆಸಿಕೊಳ್ಳೋಕೆ ಪರದಾಡುತ್ತಾರೆ, ನಿಮಗೆ ಗೊತ್ತಿಲ್ಲದಂತೆ ರಾತ್ರೋರಾತ್ರಿ ಅದು ಬಂದುಬಿಡುವುದಿಲ್ಲ. ಅಮ್ಮನಿಗೆ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಅವರ ವಿಡಿಯೊ ತೋರಿಸಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 49 ಕೆಜಿ ವಿಭಾಗದಲ್ಲಿ ಬೆಳ್ಳಿ, ಕ್ಲೀನ್ ಅಂಡ್ ಜರ್ಕ್‌ನಲ್ಲಿ ಎತ್ತಿದ್ದು 115 ಕೆಜಿ.

ಮೇಲಿನ ದಾವಣಗೆರೆಯವರಿಗೆ ಹೇಳಿದ್ದೆಲ್ಲ ನಿಮಗೂ ಅಷ್ಟೇ. ಐದೂ ವ್ಯಾಯಾಮ, ನೋಟ್‌ಬುಕ್, ಪ್ರೊಟೀನ್ ಲೆಕ್ಕ. ನಿಮ್ಮದು ದಿನಕ್ಕೆ 70 ಗ್ರಾಂ ಹತ್ತಿರ ಬರುತ್ತದೆ. ಗುಲಾಬಿ ಬಣ್ಣದ ಎರಡು ಕೆಜಿ ಡಂಬಲ್ ಕೊಟ್ಟು 30 ಸಲ ಎತ್ತಿ ಅಂತ ಟ್ರೈನರ್ ಹೇಳಿದರೆ, ಅದು ತೀರ ಹಗುರ, ಭಾರದ್ದು ಕೊಡಿ ಅಂತ ಕೇಳಿ. ಸೂಪರ್ ಮಾರ್ಕೆಟ್ಟಿಂದ 10 ಕೆಜಿ ಅಕ್ಕಿ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತುವವರು ನೀವು. ಎರಡು ವಿಷಯ ಮಾತ್ರ ಜಾಸ್ತಿ ಗಮನಿಸಿ: ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ನಮ್ಮಲ್ಲಿ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ಮತ್ತೆ, ತಿಂಗಳ ಮುಟ್ಟು ತಪ್ಪುತ್ತಿದ್ದರೆ ಊಟ ಸಾಲುತ್ತಿಲ್ಲ ಅನ್ನೋದೂ ಅದಕ್ಕೆ ಒಂದು ಕಾರಣ ಇರಬಹುದು, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಮ್ಮ ಜಿಮ್‌ನಾಗ ಒಬ್ಬ ಸೀನಿಯರ್ ಅದಾನ. ಒಂದು ಗುಳಿಗಿ ಕೊಡ್ತೀನಿ, ಹದಿನೈದು ದಿನಕ್ಕ ಐದು ಕೆಜಿ ಗ್ಯಾರಂಟಿ ಅಂತಾನ. ಗುಳಿಗಿ ಮ್ಯಾಲ ಹೆಸರಿಲ್ಲ, ಪೊಟ್ಟಣದಾಗ ಕೊಡ್ತಾನ. ಬ್ಯಾಡಂದ್ರ ಮಾಸ್ ಗೇನರ್ ಡಬ್ಬಿ ತಗೋ ಅಂತಾನ. ಕ್ರಿಯಾಟಿನ್ ಅಂದ್ರ ಸ್ಟಿರಾಯ್ಡ್ ಏನ್ರಿ? ಏನು ತಗೋಬೇಕು, ಏನು ಬಿಡಬೇಕು ಹೇಳ್ರಿ.
(ಹುಬ್ಬಳ್ಳಿ)

ಉತ್ತರ: ಗುಳಿಗೆ ಮುಟ್ಟಬೇಡಿ. ಹೀಗೆ ಪೊಟ್ಟಣದಲ್ಲಿ ಕೊಡುವ ದಪ್ಪ ಆಗೋ ಗುಳಿಗೆಗಳಲ್ಲಿ ಡೆಕ್ಸಾಮೆಥಾಸೋನ್ ಥರದ ಸ್ಟಿರಾಯ್ಡ್ ಇರುವುದುಂಟು. ತೂಕ ಏರುವುದು ನಿಜ. ಆದರೆ ಏರುವುದು ನೀರು ಮತ್ತು ಕೊಬ್ಬು. ಮುಖ ಊದಿ ಗುಂಡಗಾಗುತ್ತದೆ, ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ. ಇದೆಲ್ಲಕ್ಕಿಂತ ವಿಚಿತ್ರ ಅಂದರೆ, ಬೆಳೆಸಬೇಕು ಅಂತ ಹೊರಟ ಮಾಂಸಖಂಡವನ್ನೇ ಅದು ಕರಗಿಸುತ್ತದೆ. ಬಹಳ ದಿನ ತಗೊಂಡು ಒಮ್ಮೆಲೇ ನಿಲ್ಲಿಸಿದರೆ ಇನ್ನೂ ಅಪಾಯ, ಯಾಕೆಂದರೆ ದೇಹ ತನ್ನದೇ ಹಾರ್ಮೋನ್ ಮಾಡೋದನ್ನು ನಿಲ್ಲಿಸಿರುತ್ತದೆ. ಈಗಾಗಲೇ ಯಾರಾದರೂ ತಗೋತಿದ್ದರೆ ತಾವೇ ಬಿಡೋಕೆ ಹೋಗದೆ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಮೈ ಬೆಳೆಸೋಕೆ ಅಂತ ಚುಚ್ಚುವ ಇಂಜೆಕ್ಷನ್ ಇನ್ನೊಂದು ಜಾತಿ. ಅದು ಅನಾಬಾಲಿಕ್ ಸ್ಟಿರಾಯ್ಡ್, ಟೆಸ್ಟೋಸ್ಟಿರಾನ್‌ನ ಸಂಬಂಧಿ. ಅದರಿಂದ ಮಾಂಸಖಂಡ ಬೆಳೆಯುತ್ತದೆ, ಇಲ್ಲ ಅಂತ ನಾನು ಹೇಳಿದರೆ ನೀವು ನಂಬುವುದೂ ಇಲ್ಲ. ಜೊತೆಗೆ ಬೀಜ ಸಣ್ಣಗಾಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ, ಕೆಲವರಿಗೆ ಎದೆ ಹೆಂಗಸರಂತೆ ಬೆಳೆಯುತ್ತದೆ, ಹೃದಯಕ್ಕೂ ಪೆಟ್ಟು. ಸಣಕಲು ಮೈಯ ಹೊಸಬನಿಗೆ ಅದನ್ನು ಚುಚ್ಚೋಕೆ ಬರುವವನು ನಿಮ್ಮ ಹಿತೈಷಿ ಅಲ್ಲ, ಅವನಿಗೆ ಅದರಲ್ಲಿ ಕಮಿಷನ್ ಇರುತ್ತದೆ.

ಮಾಸ್ ಗೇನರ್, ಅಂದರೆ ತೂಕ ಏರಿಸೋಕೆ ಅಂತ ಮಾರುವ ಪುಡಿ, ಅದರ ಡಬ್ಬಿ ತಿರುಗಿಸಿ ಹಿಂದೆ ಓದಿ. ಬಹಳಷ್ಟು ಡಬ್ಬಿಗಳಲ್ಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್ಟ್ರಿನ್. ಪಿಷ್ಟದಿಂದ ಮಾಡಿದ, ಸಕ್ಕರೆಯಷ್ಟೇ ಬೇಗ ಜೀರ್ಣವಾಗುವ ಪುಡಿ ಅದು. ಆ ದುಡ್ಡಿಗೆ ಮನೆಯಲ್ಲೇ ಒಂದು ಮಾಡಿಕೊಳ್ಳಿ: ದೊಡ್ಡ ಲೋಟ ಹಾಲು, ಎರಡು ಬಾಳೆಹಣ್ಣು, ಒಂದು ಹಿಡಿ ಹುರಿದ ಶೇಂಗಾ, ಮೂರು ಚಮಚ ರಾಗಿ ಹುರಿಹಿಟ್ಟು, ಬೆಲ್ಲ. ಮಿಕ್ಸಿಯಲ್ಲಿ ತಿರುವಿ. 600 ಕ್ಯಾಲೊರಿಯ ಹತ್ತಿರ ಬರುತ್ತದೆ. ನಿಮ್ಮ ಕಡೆ ಶೇಂಗಾ ಹಿಂಡಿ ಇಲ್ಲದ ಮನೆಯೇ ಇಲ್ಲವಲ್ಲ, ರೊಟ್ಟಿ ಜೊತೆ ಚಮಚದ ಬದಲು ಸೌಟಲ್ಲಿ ಹಾಕಿಕೊಳ್ಳಿ, ಅದಕ್ಕೆ ಮೇಲೊಂದಿಷ್ಟು ಗಟ್ಟಿ ಮೊಸರು. ಹೆಸರುಕಾಳಿನ ಉಸುಳಿ, ಪುಂಡಿಪಲ್ಯದ ಬೇಳೆ, ಇವೆಲ್ಲ ಮನೆಯಲ್ಲಿ ಹೇಗೂ ಇವೆ. ಪಾಲು ಜಾಸ್ತಿ ಮಾಡಿ ಸಾಕು.

ವೇ ಪ್ರೊಟೀನ್ ಅಂದರೆ ಭಯ ಬೇಡ. ಹಾಲು ಒಡೆಸಿ ಚೀಸ್ ಮಾಡುವಾಗ ಉಳಿಯುವ ನೀರಿದೆಯಲ್ಲ, ಅದನ್ನು ಒಣಗಿಸಿ ಮಾಡಿದ ಪುಡಿ. ಒಂದು ಸ್ಕೂಪ್‌ನಲ್ಲಿ 20-25 ಗ್ರಾಂ ಪ್ರೊಟೀನ್. ಊಟದಲ್ಲಿ ಲೆಕ್ಕ ತುಂಬುತ್ತಿದ್ದರೆ ಬೇಡ, ತುಂಬದಿದ್ದರೆ ದುಡ್ಡಿದ್ದರೆ ತಗೊಳ್ಳಿ. ಡಬ್ಬಿ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇದೆಯಾ ನೋಡಿ, ಬಿಡಿಯಾಗಿ ತೂಗಿ ಕೊಡುವುದನ್ನು ತಗೋಬೇಡಿ.

ಕ್ರಿಯಾಟಿನ್ ಸ್ಟಿರಾಯ್ಡ್ ಅಲ್ಲ. ಮಾಂಸ, ಮೀನಿನಲ್ಲಿ ಇರುವಂಥದ್ದೇ, ನಮ್ಮ ದೇಹವೂ ಸ್ವಲ್ಪ ಮಾಡಿಕೊಳ್ಳುತ್ತದೆ. ಪೌಡರ್‌ಗಳಲ್ಲಿ ನಿಜವಾಗಿ ಕೆಲಸ ಮಾಡುತ್ತದೆ ಅಂತ ಗಟ್ಟಿಯಾಗಿ ಹೇಳಬಹುದಾದ ಕೆಲವೇ ಕೆಲವುಗಳಲ್ಲಿ ಇದೊಂದು. ಕ್ರಿಯಾಟಿನ್ ಮೊನೊಹೈಡ್ರೇಟ್, ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಲ್ಲಾದರೂ. ಮೊದಲೆರಡು ವಾರದಲ್ಲಿ ಒಂದು ಕೆಜಿ ಏರಿದರೆ ಅದು ಮಾಂಸಖಂಡದೊಳಗೆ ಸೇರಿದ ನೀರು. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತಗೋಬಾರದು. ಬೇರೆ ಯಾವುದಕ್ಕಾದರೂ ರಕ್ತ ಪರೀಕ್ಷೆ ಮಾಡಿಸಿದಾಗ, ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ನೋಡುವ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಬರಬಹುದು, ಈ ಪುಡಿ ತಗೋತಿದ್ದೀನಿ ಅಂತ ಮೊದಲೇ ಹೇಳಿಬಿಡಿ. ಆದರೆ ಊಟ, ನಿದ್ದೆ ಸರಿ ಮಾಡಿಕೊಳ್ಳದೆ ಇದರಿಂದ ಶುರು ಮಾಡೋದು ದಂಡ.

ಪ್ರಶ್ನೆ: ಮಗನಿಗೆ 15 ವರ್ಷ. ತುಂಬಾ ಸಣ್ಣ ಇದ್ದಾನೆ. ಜಿಮ್ ಸೇರಿಸು ಅಂತ ಹಟ. ಈ ವಯಸ್ಸಿಗೆ ವೇಟ್ ಎತ್ತಿದರೆ ಕುಳ್ಳಗಾಗ್ತಾನೆ ಅಂತ ನಮ್ಮ ಯಜಮಾನರು ಬೈತಾರೆ. ದಿನಾ ಮುದ್ದೆ ಹಾಕ್ತೀನಿ, ಅದಕ್ಕಿಂತ ಬೇಕಾ?
(ತುಮಕೂರು)

ಉತ್ತರ: ಕುಳ್ಳಗಾಗುವುದಿಲ್ಲ ಅಮ್ಮಾ, ಯಜಮಾನರಿಗೆ ಹೇಳಿ. ಸರಿಯಾಗಿ ಹೇಳಿಕೊಡುವವರು ಇದ್ದು, ಹಗುರ ಭಾರದಲ್ಲಿ ಮಾಡಿದರೆ ಬೆಳೆಯುವ ಮಕ್ಕಳಿಗೂ ಒಳ್ಳೆಯದೇ. ತೊಂದರೆ ಆಗುವುದು ಗೆಳೆಯರ ಜೊತೆ ಪಂದ್ಯ ಕಟ್ಟಿ, ಯಾರೂ ನೋಡದಾಗ ಎತ್ತಲಾರದ್ದನ್ನು ಎತ್ತೋಕೆ ಹೋದಾಗ. ಆ ವಯಸ್ಸಲ್ಲಿ ಮೂಳೆಯ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ, ಅಲ್ಲಿ ಪೆಟ್ಟು ಬೀಳಬಾರದು. ಒಂದೇ ಸಲಕ್ಕೆ ಎಷ್ಟು ಎತ್ತಬಲ್ಲೆ ಅಂತ ಪರೀಕ್ಷೆ ಮಾಡೋದು ಬೇಡ. ಸೇರಿಸುವ ಮುಂಚೆ ನೀವೇ ಒಂದು ಸಂಜೆ ಹೋಗಿ ನೋಡಿ ಬನ್ನಿ, ಟ್ರೈನರ್ ಹುಡುಗರ ಮೇಲೆ ಕಣ್ಣಿಟ್ಟಿದ್ದಾನಾ, ಇಲ್ಲ ಕೌಂಟರ್‌ನಲ್ಲಿ ಫೋನ್ ನೋಡುತ್ತಾ ಕೂತಿದ್ದಾನಾ ಅಂತ.

ಮುದ್ದೆ ಬಗ್ಗೆ ನಿಮಗೆ ಬೇಜಾರು ಮಾಡೋಕೆ ಇಷ್ಟ ಇಲ್ಲ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನೋ ಮಾತು ಕೇಳಿಕೊಂಡೇ ಬೆಳೆದವರು ನಾವು. ಆದರೆ ರಾಗಿಯ ಹೆಚ್ಚುಗಾರಿಕೆ ಇರುವುದು ಸುಣ್ಣದಂಶದಲ್ಲಿ, 100 ಗ್ರಾಂಗೆ 340 ಮಿಲಿಗ್ರಾಂಗೂ ಜಾಸ್ತಿ. ಪ್ರೊಟೀನ್ ಬರೀ ಏಳು ಗ್ರಾಂ. ಮುದ್ದೆ ಇರಲಿ, ಜೊತೆಗಿರುವುದು ತಿಳಿಸಾರು ಆಗದೆ ಹುರುಳಿಕಾಳು, ಅವರೆಕಾಳು, ಮೊಳಕೆಕಾಳಿನ ಗಟ್ಟಿ ಸಾರು ಆಗಲಿ. ಬಸ್ಸಾರು ಮಾಡಿದ ದಿನ ಕಟ್ಟು ಮಾತ್ರ ಬಡಿಸಿ ಪಲ್ಯ ಪಕ್ಕಕ್ಕೆ ತಳ್ಳೋಕೆ ಬಿಡಬೇಡಿ, ಬೇಳೆ, ಕಾಳೆಲ್ಲ ಆ ಪಲ್ಯದಲ್ಲೇ ಇರುತ್ತದೆ. ರಾತ್ರಿ ಒಂದು ಲೋಟ ಹಾಲು, ತಿನ್ನುವ ಮನೆಯಾದರೆ ಎರಡು ಮೊಟ್ಟೆ. ಪೌಡರ್ ಬೇಡವೇ ಬೇಡ. ಮತ್ತೆ ಅವನ ಫೋನ್ ರಾತ್ರಿ ಹತ್ತಕ್ಕೆ ನಿಮ್ಮ ರೂಮಿಗೆ ಬರಲಿ. ಈ ವಯಸ್ಸಿಗೆ ಎಂಟು ಗಂಟೆ ನಿದ್ದೆಯಾದರೂ ಬೇಕು.

ಪ್ರಶ್ನೆ: ನಮ್ಮ ತಾತ ಗರಡಿಯಲ್ಲಿ ಸಾಮು ಮಾಡಿದವರು. ಜಿಮ್ ಎಲ್ಲ ಯಾಕೆ, ದಂಡ ಬಸ್ಕಿ ಹೊಡಿ ಸಾಕು ಅಂತಾರೆ. ನಿಜವಾ? ಜಿಮ್ ಫೀಸ್ ಕಟ್ಟೋಕೆ ಕಷ್ಟ ಇದೆ.
(ಮೈಸೂರು)

ಉತ್ತರ: ತಾತ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಈಗ ನಿಮಗೆ 15 ದಂಡ ಹೊಡೆಯೋಕೆ ಕೈ ನಡುಗುತ್ತಿದ್ದರೆ ಅದೇ ಸಾಕು, ಎದೆ, ಭುಜ, ತೋಳು ಎಲ್ಲ ಬೆಳೆಯುತ್ತದೆ. ಆದರೆ ಸೆಟ್ಟಿಗೆ 40-50 ಸಲೀಸಾಗಿ ಬರತೊಡಗಿದ ಮೇಲೆ ದಮ್ಮು ಜಾಸ್ತಿಯಾಗುತ್ತದೆ, ಮಾಂಸಖಂಡ ಅಷ್ಟಾಗಿ ಬೆಳೆಯುವುದಿಲ್ಲ. ಆಗ ಸಂಖ್ಯೆ ಏರಿಸುವ ಬದಲು ಕಷ್ಟ ಏರಿಸಿ. ಕಾಲನ್ನು ಕುರ್ಚಿ ಮೇಲಿಟ್ಟು ದಂಡ ಹೊಡೆಯಿರಿ, ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಹಾಕಿಕೊಳ್ಳಿ. ಬಸ್ಕಿಗೆ ತುಂಬಿದ ನೀರಿನ ಕ್ಯಾನ್ ಅಪ್ಪಿಕೊಳ್ಳಿ, 20 ಲೀಟರ್ ಅಂದರೆ 20 ಕೆಜಿ. ಆಮೇಲೆ ಒಂದೇ ಕಾಲಿನ ಬಸ್ಕಿಗೆ ಬನ್ನಿ, ಹಿಂದಿನ ಕಾಲು ಮಂಚದ ಮೇಲಿಟ್ಟು.

ದಂಡ ಬಸ್ಕಿ ಎರಡರಲ್ಲೂ ಎಳೆಯುವ ಕೆಲಸ ಇಲ್ಲ, ಬೆನ್ನಿಗೆ ಏನೂ ಸಿಗುವುದಿಲ್ಲ. ತಾತನ ಕಾಲದಲ್ಲಿ ಗರಡಿಯಲ್ಲಿ ಮಟ್ಟಿ, ಅಂದರೆ ಕುಸ್ತಿ ಅಖಾಡದ ಮಣ್ಣು, ಅಗೆಯುತ್ತಿದ್ದರು, ಗದೆ ತಿರುಗಿಸುತ್ತಿದ್ದರು, ಎದುರಾಳಿಯನ್ನೇ ಹಿಡಿದು ಎಳೆದಾಡುತ್ತಿದ್ದರು, ಬೆನ್ನಿನ ಕೆಲಸ ಅಲ್ಲಿ ಆಗಿಬಿಡುತ್ತಿತ್ತು. ತಾತನನ್ನೇ ಕೇಳಿ ನೋಡಿ, ಮಟ್ಟಿ ಅಗೆದ ಮಾರನೇ ದಿನ ಬೆನ್ನು ಹೇಗಿರುತ್ತಿತ್ತು ಅಂತ. ನೀವು ಪಾರ್ಕಿನ ಕಂಬಿಗೆ ಜೋತುಬಿದ್ದು ಪುಲ್ ಅಪ್ ಮಾಡಿ. ಒಂದೂ ಬರುವುದಿಲ್ಲ ಅಂದರೆ ಸ್ಟೂಲ್ ಹತ್ತಿ ಗದ್ದ ಕಂಬಿಯ ಮೇಲಿಟ್ಟು, ನಿಧಾನಕ್ಕೆ, ಐದು ಎಣಿಸುತ್ತಾ ಕೆಳಗೆ ಬನ್ನಿ. ಐದಾರು ವಾರದಲ್ಲಿ ಮೊದಲನೆಯದು ಬರಬಹುದು. ಸಣಕಲು ಮೈಗೆ ಇದೊಂದರಲ್ಲಿ ಲಾಭ ಇದೆ, ಎತ್ತಬೇಕಾದ ಭಾರ ಕಡಿಮೆ.

ಪ್ರಶ್ನೆ: ಮೊದಲ ದಿನ ಸ್ಕ್ವಾಟ್ ಮಾಡಿ ಬಂದೆ. ಮಾರನೇ ದಿನ ಟಾಯ್ಲೆಟ್‌ನಲ್ಲಿ ಕೂತವನಿಗೆ ಏಳೋಕಾಗಲಿಲ್ಲ, ನಲ್ಲಿ ಹಿಡಿದು ಎದ್ದೆ. ಬಿಟ್ಟುಬಿಡಲಾ?
(ಉಡುಪಿ)

ಉತ್ತರ: ಬಿಡಬೇಡಿ, ನಲ್ಲಿ ಗಟ್ಟಿ ಇದೆಯಲ್ಲ. ಹೊಸ ಕೆಲಸ ಮಾಡಿದ ಮಾಂಸಖಂಡ ಒಂದೆರಡು ದಿನ ಬಿಟ್ಟು ನೋಯುವುದು ಸಾಮಾನ್ಯ, ಮೂರು ನಾಲ್ಕು ದಿನಕ್ಕೆ ಹೋಗುತ್ತದೆ, ಎರಡನೇ ವಾರದಿಂದ ಇಷ್ಟು ಇರುವುದಿಲ್ಲ. ನೋವು ಜಾಸ್ತಿ ಇದ್ದಷ್ಟೂ ಬೆಳವಣಿಗೆ ಜಾಸ್ತಿ ಅನ್ನೋದೂ ಸುಳ್ಳು, ಹಾಗಾಗಿ ಮುಂದಿನ ಸಲ ಅರ್ಧಕ್ಕರ್ಧ ಕಡಿಮೆ ಮಾಡಿ. ಮೆಲ್ಲಗೆ ನಡೆದಾಡಿ, ನೀರು ಕುಡಿಯಿರಿ. ಆದರೆ ಕೀಲಿನಲ್ಲಿ ಚುಚ್ಚಿದ ಹಾಗೆ ನೋವು, ಬೆನ್ನಿಂದ ಕಾಲಿಗೆ ಇಳಿಯುವ ಜೋಮು ಇದ್ದರೆ ನಿಲ್ಲಿಸಿ ತೋರಿಸಿ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮಾಂಸಖಂಡ ಒಡೆದು ಕಿಡ್ನಿಗೆ ತೊಂದರೆಯಾಗುವ ಲಕ್ಷಣ ಅದು.

ಪ್ರಶ್ನೆ: ನಾನು ಭಾನುವಾರ ಭಾನುವಾರ ಟೆನಿಸ್ ಬಾಲ್ ಕ್ರಿಕೆಟ್ ಆಡ್ತೀನಿ. ಮೈ ಬರಬೇಕಂದ್ರೆ ಆಟ ಬಿಡಬೇಕು ಅಂತಾರೆ ಜಿಮ್‌ನವರು.
(ಮಂಡ್ಯ)

ಉತ್ತರ: ಯಾಕ್ರೀ ಬಿಡಬೇಕು? ಬೌಲಿಂಗ್ ಮಾಡೋರು ಶನಿವಾರ ಸ್ಕ್ವಾಟ್ ಇಟ್ಟುಕೊಳ್ಳಬೇಡಿ, ಮ್ಯಾಚ್ ಇರೋ ದಿನ ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಜಾಸ್ತಿ. ಗೆದ್ದರೆ ಬಿರಿಯಾನಿನೂ ಇರಲಿ, ರಾತ್ರಿ ಊಟ ಮಾತ್ರ ಬಿಡಬೇಡಿ.